ಮಗ ಚೆನ್ನಾಗಿ ಗೋಲು ಹೊಡೆಯುತ್ತಾನೆ; ಪ್ರೊಫೆಷನಲ್ ಐಸ್ ಹಾಕಿ ಫಾರ್ವರ್ಡ್ ಆಗಲು ಶೂಟಿಂಗ್ ಕೋಚ್ ಬೇಕೇ?

ಒಂಟಾರಿಯೋದಲ್ಲಿ ಆಡುವ 15ರ ಹುಡುಗ, ಟೀಮಿನಲ್ಲಿ ಅವನದೇ ಹೆಚ್ಚು ಗೋಲು ಅಂದಿರಿ. ಆ ವಯಸ್ಸಿನಲ್ಲಿ ನಾನೂ ವಿಂಗರ್, ಅಂದರೆ ಬದಿಯಲ್ಲಿ ಆಡುವ ಫಾರ್ವರ್ಡ್ (ಮುಂಪಡೆಯ ಆಟಗಾರ) ಆಗಿದ್ದವನು, ಪ್ರಶ್ನೆ ಚೆನ್ನಾಗಿ ಅರ್ಥವಾಯಿತು. ಶೂಟಿಂಗ್ ಕೋಚ್ ಬೇಡ. ಗೋಲಿನ ಲೆಕ್ಕ ನೋಡಿ ಭವಿಷ್ಯ ಹೇಳುವುದನ್ನೇ ಬಿಡಿ.

ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಪ್ರಮುಖ ಪ್ರೊಫೆಷನಲ್ ಐಸ್ ಹಾಕಿ ಲೀಗು) ಟೀಮು ಮ್ಯಾಚಿಗೆ ಸಾಮಾನ್ಯವಾಗಿ 12 ಫಾರ್ವರ್ಡ್‌ಗಳನ್ನು ಇಳಿಸುತ್ತದೆ, ಮೂವರಂತೆ ನಾಲ್ಕು ಲೈನು. ಹೊಸಬನಿಗೆ ಹೆಚ್ಚಾಗಿ ಸಿಗುವುದು ಕೊನೆಯ ಲೈನು, ಸುಮಾರು ಹತ್ತು ನಿಮಿಷದ ಆಟ. ಅಲ್ಲಿ ಕೋಚ್ ನೋಡುವುದು ಒಂದೇ: ಇವನು ಐಸ್ ಮೇಲಿದ್ದಾಗ ಎದುರಾಳಿ ನಮ್ಮ ಮೇಲೆ ಗೋಲು ಹೊಡೆದರಾ?

ಪ್ರತಿಭೆಯಿರುವ ಹುಡುಗರೇ ಹೆಚ್ಚು ಮಾಡುವ ತಪ್ಪೊಂದಿದೆ, ಶಿಫ್ಟ್ ಎಳೆಯುವುದು. ಶಿಫ್ಟ್ ಅಂದರೆ ಬೆಂಚಿಗೆ ಮರಳುವ ಮುನ್ನ ಐಸ್ ಮೇಲೆ ಆಡುವ ಒಂದು ಸರದಿ, 40–45 ಸೆಕೆಂಡ್. ಇನ್ನೊಂದು ಚಾನ್ಸ್ ಸಿಗಬಹುದು ಅಂತ ಒಂದು ನಿಮಿಷ ದಾಟಿಸಿದರೆ ಕಾಲು ಕಟ್ಟುತ್ತದೆ. ಮ್ಯಾಚಿನ ಮೂರು ಪಿರಿಯಡ್‌ಗಳಲ್ಲಿ ಮೊದಲನೆಯದರಲ್ಲೂ ಮೂರನೆಯದರಲ್ಲೂ ಹೇಗೋ ನಡೆಯುತ್ತದೆ, ಬೆಂಚು ನಮ್ಮ ಗೋಲಿನ ಕಡೆಗೇ ಇರುತ್ತದೆ. ಎರಡನೇ ಪಿರಿಯಡ್‌ಗೆ ತುದಿ ಬದಲಾಗಿ ಬೆಂಚು ದೂರವಾಗುತ್ತದೆ. ಈಗ ನಮ್ಮ ಜೋನಿನಲ್ಲಿ (ನಮ್ಮ ಗೋಲಿನ ಕಡೆಯ ಭಾಗದಲ್ಲಿ) ಸಿಕ್ಕಿಬಿದ್ದರೆ ಹೊರಗೆ ಬರುವ ದಾರಿಯೇ ಇಲ್ಲ. ಸುಸ್ತಾಗಿ ಪಕ್ ಅನ್ನು (ಆಟದ ರಬ್ಬರ್ ಬಿಲ್ಲೆ) ಮಧ್ಯದ ರೆಡ್ ಲೈನ್ ದಾಟದೆ ಇಲ್ಲಿಂದಲೇ ಆ ತುದಿಗೆ ಎಸೆದರೆ ಐಸಿಂಗ್ ಎಂಬ ತಪ್ಪು. 2005ರಿಂದ ಎನ್‌ಎಚ್‌ಎಲ್‌ನಲ್ಲಿ ಐಸಿಂಗ್ ಮಾಡಿದ ಟೀಮು ಆಟಗಾರರನ್ನು ಬದಲಿಸುವಂತಿಲ್ಲ. ಅದೇ ದಣಿದ ಐವರು, ನಮ್ಮದೇ ಗೋಲಿನ ಪಕ್ಕ ಫೇಸ್‌ಆಫ್ (ಇಬ್ಬರ ನಡುವೆ ಪಕ್ ಬೀಳಿಸಿ ಆಟ ಮತ್ತೆ ಶುರು), ಎದುರಿಗೆ ತಾಜಾ ಲೈನು. ಗೋಲು ಬೀಳುವುದು ಆಗಲೇ. 35 ಸೆಕೆಂಡ್ ಆದ ಮೇಲೆ ಪಕ್ ಕೈಗೆ ಬಂದರೆ ಮೊದಲು ರೆಡ್ ಲೈನ್ ದಾಟಿಸಬೇಕು, ದೂರದ ಮೂಲೆಗೆ ತಳ್ಳಬೇಕು, ನೇರ ಬೆಂಚಿಗೆ ಓಡಬೇಕು. ಬದಲಿ ಆಟಗಾರ ಇಳಿಯುವುದು ಇವನು ಬೆಂಚಿನಿಂದ ಐದು ಅಡಿಯೊಳಗೆ ಬಂದ ಮೇಲೆ. ಆತುರಪಟ್ಟರೆ ಗೋಲಿಯನ್ನು ಬಿಟ್ಟು ಐವರ ಬದಲು ಆರು ಜನ ಐಸ್ ಮೇಲಿದ್ದ ಲೆಕ್ಕಕ್ಕೆ ಎರಡು ನಿಮಿಷ ಪೆನಾಲ್ಟಿ.

ಎನ್‌ಎಚ್‌ಎಲ್ ಫಾರ್ವರ್ಡ್ ಆಗಿದ್ದ ಮಾರ್ಟಿನ್ ಸೇಂಟ್ ಲೂಯಿ ಅವರನ್ನು ನೋಡಿ. 5 ಅಡಿ 8 ಇಂಚು, ಡ್ರಾಫ್ಟಿನಲ್ಲಿ (ಲೀಗಿನ ಟೀಮುಗಳು ಹೊಸಬರನ್ನು ಆರಿಸುವ ಸುತ್ತು) ಯಾರೂ ತೆಗೆದುಕೊಳ್ಳಲಿಲ್ಲ. ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ರಾಶಿ ಪಾಯಿಂಟ್ (ಗೋಲು ಮತ್ತು ಗೋಲಿಗೆ ನೆರವಾದ ಪಾಸ್‌ಗಳ ಒಟ್ಟು ಲೆಕ್ಕ) ಮಾಡಿದವರಿಗೆ ಎನ್‌ಎಚ್‌ಎಲ್‌ನ ಕ್ಯಾಲ್ಗರಿ ಟೀಮಿನಲ್ಲಿ 69 ಮ್ಯಾಚಿಗೆ ನಾಲ್ಕೇ ಗೋಲು, 2000ದಲ್ಲಿ ಕೈಬಿಟ್ಟರು. ಟ್ಯಾಂಪಾ ಬೇ ಸೇರಿ 2003–04ರಲ್ಲಿ 94 ಪಾಯಿಂಟ್‌ನೊಂದಿಗೆ ಲೀಗಿಗೇ ಮೊದಲು, ಜೊತೆಗೆ ಲೀಗ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇದು: ಆ ಸೀಸನ್‌ನಲ್ಲಿ ಎಂಟು ಗೋಲು ಬಂದದ್ದು ಪೆನಾಲ್ಟಿಯಿಂದ ತಮ್ಮ ಟೀಮಿನಲ್ಲಿ ಒಬ್ಬ ಕಡಿಮೆ ಇದ್ದಾಗ. ಆ ಹೊತ್ತಿನಲ್ಲಿ ಎದುರಾಳಿಯನ್ನು ತಡೆಯುವ ಕೆಲಸಕ್ಕೆ ಕೋಚ್ ನಂಬಿ ಇಳಿಸಿದ್ದರಿಂದಲೇ ಆ ಅವಕಾಶ ಸಿಕ್ಕಿತು.

ನಿಮ್ಮ ಮಗನಿಗೆ ಕೆಲಸ ಕೊಡುವುದಿದ್ದರೆ ಬೋರ್ಡ್ (ಐಸ್ ಸುತ್ತಲಿನ ಗೋಡೆ) ಪಕ್ಕದ್ದು ಕೊಡಿ. ನಮ್ಮ ಜೋನಿನಲ್ಲಿ ಡಿಫೆನ್ಸ್‌ಮನ್ ಗೋಡೆಗುಂಟ ಪಕ್ ಕಳಿಸಿದಾಗ ವಿಂಗರ್ ಅಲ್ಲೇ ನಿಂತು, ಸ್ಕೇಟನ್ನು ಬೋರ್ಡಿಗೆ ಒತ್ತಿ, ಮೈಯಿಂದ ಅಡ್ಡಗಟ್ಟಿ ಪಕ್ ಹಿಡಿಯಬೇಕು. ಪಾಸ್ ಕಾಣದಿದ್ದರೆ ಬೋರ್ಡಿನ ಮೇಲಿನ ಗಾಜಿಗೆ ತಾಗಿಸಿ, ನಮ್ಮ ಜೋನಿನ ಗಡಿಯಾದ ಬ್ಲೂ ಲೈನ್ ಹೊರಗೆ ಕಳಿಸಬೇಕು. ಪಕ್ ಹೊರಬೀಳುವ ಮೊದಲೇ ಬ್ರೇಕ್‌ಅವೇ (ಎದುರಿಗೆ ಗೋಲಿ ಒಬ್ಬನೇ ಇರುವ ಅವಕಾಶ) ಆಸೆಗೆ ಮುಂದೆ ಓಡುವವನನ್ನು ಆಟಗಾರರನ್ನು ಹುಡುಕಿ ಬರುವ ಯಾವ ಸ್ಕೌಟೂ ಎರಡನೇ ಸಲ ನೋಡುವುದಿಲ್ಲ.

16 ತುಂಬುವ ವರ್ಷ ಒಎಚ್‌ಎಲ್ (ಒಂಟಾರಿಯೋದ ಜೂನಿಯರ್ ಹಾಕಿ ಲೀಗು) ಆಯ್ಕೆ ನಡೆಯುತ್ತದೆ. ಅಲ್ಲಿ ಆಡಿದರೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತದೆ ಎಂಬ ಮಾತು ಹಳೆಯದು. 2025ರ ಆಗಸ್ಟ್‌ನಿಂದ ಆ ನಿರ್ಬಂಧ ಇಲ್ಲ. ಓದಿನ ಮಾರ್ಕ್ಸ್ ಮಾತ್ರ ಈಗಿನಿಂದಲೇ ಬಿಗಿಯಾಗಿಟ್ಟುಕೊಳ್ಳಲಿ, ಕಾಲೇಜು ಪ್ರವೇಶಕ್ಕೆ ಹೈಸ್ಕೂಲಿನ ಪಠ್ಯವನ್ನೂ ನೋಡುತ್ತಾರೆ.