‘ಎರಡು ದಿನ ಓಡಿಸಿ, ಅಭ್ಯಾಸ ಆಗುತ್ತೆ’ ಅಂದರೆ ಒಪ್ಪಬೇಡಿ

ಪ್ರಶ್ನೆ: ಸರ್, ಎರಡು ತಿಂಗಳ ಹಿಂದೆ ಅಡ್ಡರಸ್ತೆಯಿಂದ ಬಂದ ಕಾರು ನನ್ನ ಬೈಕಿನ ಮುಂದಿನ ಚಕ್ರಕ್ಕೆ ಗುದ್ದಿತು. ನಾನು ಬಲಕ್ಕೆ ಬಿದ್ದೆ. ಮೊಣಕೈ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ವಿಮೆ ಇತ್ತು. ಸರ್ವೇಯರ್ ಬಂದು ನೋಡಿದರು, ಕ್ಲೈಮ್ ಪಾಸಾಯಿತು. ವಿಮೆ ಕಂಪನಿಯವರೇ ಸೂಚಿಸಿದ ಗ್ಯಾರೇಜಿಗೆ ಬಿಟ್ಟೆ. 24 ದಿನ ಇಟ್ಟುಕೊಂಡು ವಾಪಸ್ ಕೊಟ್ಟರು. ತೊಳೆದು, ಪಾಲಿಶ್ ಮಾಡಿ ಕೊಟ್ಟಿದ್ದರಿಂದ ಮೊದಲು ಖುಷಿಯಾಯಿತು. ಮನೆಗೆ ಬರುವಷ್ಟರಲ್ಲಿ ಖುಷಿ ಹೋಯಿತು. ಬೈಕ್ ನೇರ ಹೋಗಬೇಕಾದರೆ ಹ್ಯಾಂಡಲ್ಲನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ಹಿಡಿಯಬೇಕು. ವೇಗ 60 ದಾಟಿದರೆ ಮುಂಭಾಗ ನಡುಗುತ್ತದೆ. ಮುಂದಿನ ಚಕ್ರವನ್ನು ಎರಡು ಕಡೆಯಿಂದ ಹಿಡಿದಿರುವ ಫೋರ್ಕಿನಲ್ಲಿ, ಬಲಗಡೆಯಿಂದ ಆಯಿಲ್ ಇಳಿಯುತ್ತಿದೆ. ಬಿಲ್ಲಿನಲ್ಲಿ ಎರಡು ಹೊಸ ಫೋರ್ಕ್ ಪೈಪ್ ಅಂತ ಇದೆ. ಆದರೆ ಒಂದು ಪೈಪಿನಲ್ಲಿ ಹಳೆಯ ಗೀರುಗಳು ಕಾಣುತ್ತವೆ. ಗ್ಯಾರೇಜಿನವರನ್ನು ಕೇಳಿದರೆ ‘ಇನ್ಶೂರೆನ್ಸ್‌ನವರು ಪಾಸ್ ಮಾಡಿದ್ದೇ ಇಷ್ಟು, ಎರಡು ದಿನ ಓಡಿಸಿ, ಅಭ್ಯಾಸ ಆಗುತ್ತೆ’ ಅನ್ನುತ್ತಾರೆ. ವಿಮೆಯವರು ‘ರಿಪೇರಿ ವಿಷಯ ಗ್ಯಾರೇಜಿನಲ್ಲಿ ಕೇಳಿ’ ಅನ್ನುತ್ತಾರೆ. ಬೈಕ್ ತೆಗೆದುಕೊಳ್ಳುವಾಗ ಒಂದು ಕಾಗದಕ್ಕೆ ಸಹಿ ಹಾಕಿದ್ದೇನೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಅರ್ಧ ದಿನದಲ್ಲಿ ಸರಿ ಮಾಡಿಕೊಡುತ್ತೇನೆ ಅಂತಿದ್ದಾರೆ. ಅವರಿಗೇ ಕೊಟ್ಟುಬಿಡಲಾ?

ಉತ್ತರ: ಬೇಡ. ದಯವಿಟ್ಟು ಕೊಡಬೇಡಿ. ಇನ್ನೊಂದು ಮಾತು, ಅದು ಇದಕ್ಕಿಂತ ಮುಖ್ಯ. ಇವತ್ತಿನಿಂದ ಆ ಬೈಕ್ ಓಡಿಸಬೇಡಿ.

ಮೊದಲು ಓಡಿಸುವ ವಿಷಯ ಹೇಳುತ್ತೇನೆ. ಫೋರ್ಕಿನಿಂದ ಇಳಿಯುವ ಆಯಿಲ್ ಕೆಳಗೆಲ್ಲೋ ತೊಟ್ಟಿಕ್ಕಿ ಸುಮ್ನೆ ಹೋಗುವುದಿಲ್ಲ. ಆ ಕಡೆ ಡಿಸ್ಕ್ ಬ್ರೇಕ್ ಇದ್ದರೆ ಅದರ ಮೇಲೆ, ಪ್ಯಾಡ್ ಮೇಲೆ ಕೂರುತ್ತದೆ. ಆಯಿಲ್ ಕುಡಿದ ಪ್ಯಾಡ್ ಹಿಡಿಯುವುದಿಲ್ಲ. ಒರೆಸಿದರೂ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು. ಬೆಳಿಗ್ಗೆ ಹಿಡಿದ ಬ್ರೇಕ್ ಸಂಜೆ ಹಿಡಿಯದೆ ಹೋಗಬಹುದು. ನಡುಗುವ ಮುಂಭಾಗದ ಜೊತೆ ಇದೂ ಸೇರಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ‘ಕೈ ಬಿಟ್ಟು ಓಡಿಸಿ ನೋಡು, ಎತ್ತ ಎಳೆಯುತ್ತೆ ಗೊತ್ತಾಗುತ್ತೆ’ ಅಂತ ಯಾರಾದರೂ ಹೇಳುತ್ತಾರೆ. ಆ ಪರೀಕ್ಷೆ ಮಾಡಲೇಬೇಡಿ.

ನಾನು 22 ವರ್ಷ ಗ್ಯಾರೇಜಿನಲ್ಲಿ ದುಡಿದವನು. ಅದರಲ್ಲಿ ಜಾಸ್ತಿ ಪಾಲು ಆ್ಯಕ್ಸಿಡೆಂಟ್ ಗಾಡಿಗಳೇ. ಕೆಲಸ ಕಲಿಯುವ ದಿನಗಳಲ್ಲಿ ಒಬ್ಬ ಹುಡುಗ ಇದೇ ದೂರು ಹೊತ್ತು ನಮ್ಮಲ್ಲಿಗೆ ಬಂದಿದ್ದ. ಹ್ಯಾಂಡಲ್ ನೇರ ಇಲ್ಲ ಅಂದ. ನಮ್ಮ ಹಿರಿಯರು ‘ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ’ ಅಂತ ಕಳುಹಿಸಿಬಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಮೂರನೇ ವಾರ ಗಾಡಿ ತಿರುವಿನಲ್ಲಿ ಬಿದ್ದು ಮತ್ತೆ ನಮ್ಮ ಹತ್ತಿರವೇ ಬಂತು. ಹುಡುಗನ ಕಾಲು ಮುರಿದಿತ್ತು. ಬಿಚ್ಚಿ ನೋಡಿದರೆ ಎರಡು ಫೋರ್ಕ್ ಪೈಪನ್ನೂ ಹಿಡಿದುಕೊಳ್ಳುವ ಕೆಳಗಿನ ‘ಟಿ’ ಸೊಟ್ಟಗಾಗಿತ್ತು. ಆ ಬಾಗು ಮೊದಲ ಗುದ್ದಿನದೋ ಎರಡನೆಯದೋ ಅಂತ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ. ಯಾಕೆಂದರೆ ಮೊದಲ ಸಲ ಯಾರೂ ಅಳತೆ ಮಾಡಿರಲಿಲ್ಲ. ಅವತ್ತಿನಿಂದ ನಾನು ‘ಅಭ್ಯಾಸ ಆಗುತ್ತೆ’ ಅನ್ನುವ ಮಾತನ್ನು ಯಾರಿಗೂ ಹೇಳಿಲ್ಲ.

ಹಾಗಾಗಿ ನಿಮಗೆ ಹೇಳುವುದು ಇಷ್ಟೇ, ಮೊದಲು ಅಳತೆ ಮಾಡಿ. ‘ಓಡಿಸಲು ಸರಿ ಅನಿಸುತ್ತಿಲ್ಲ’ ಅಂತ ಗ್ಯಾರೇಜಿನ ಮುಂದೆ ವಾದ ಮಾಡಬೇಡಿ. ಅನಿಸಿಕೆಗೆ ಅವರ ಹತ್ತಿರ ನೂರು ಉತ್ತರ ಇರುತ್ತದೆ. ಅಳತೆಗೆ ಇರುವುದಿಲ್ಲ.

ಹ್ಯಾಂಡಲ್ಲಿನಿಂದ ಶುರು ಮಾಡೋಣ. ಹ್ಯಾಂಡಲ್ ಸೊಟ್ಟಗಿದ್ದೂ ಬೈಕ್ ನೇರ ಹೋಗುವುದು ಒಂದು ದೋಷ. ಹ್ಯಾಂಡಲ್ ನೇರ ಇದ್ದೂ ಬೈಕೇ ಒಂದು ಕಡೆ ಎಳೆಯುವುದು ಇನ್ನೊಂದು. ಎರಡನ್ನೂ ಒಂದೇ ಅಂತ ತಿಳಿದು ಜನ ದೋಷವಿಲ್ಲದ ಭಾಗವನ್ನು ರಿಪೇರಿ ಮಾಡಿಸುತ್ತಾರೆ. ರಸ್ತೆ ಅಂಚಿನ ಕಡೆ ಇಳಿಜಾರಾಗಿದ್ದರೂ ಬೈಕ್ ಸ್ವಲ್ಪ ಎಳೆಯುತ್ತದೆ. ನೀವು ಬರೆದಿರುವುದು ಮೊದಲನೆಯ ಥರದ್ದು. ಅದಕ್ಕೆ ಕಾರಣ ಮೂರರಲ್ಲಿ ಒಂದು ಇರಬಹುದು. ಹ್ಯಾಂಡಲ್ ಪೈಪೇ ಬಾಗಿದೆ. ಇಲ್ಲವೇ ಫೋರ್ಕ್ ಎರಡೂ ಟಿ ಒಳಗೆ ತಿರುಚಿ ಕೂತಿವೆ. ಇಲ್ಲವೇ ಟಿ ಅಥವಾ ಫೋರ್ಕ್ ಪೈಪ್ ಬಾಗಿದೆ. ಎರಡನೆಯದಾದರೆ ಹೊಸ ಸಾಮಾನೇ ಬೇಡ. ಆಕ್ಸಲ್, ಮಡ್‌ಗಾರ್ಡ್, ಟಿಯ ಬೋಲ್ಟುಗಳನ್ನು ಸಡಿಲ ಮಾಡಿ, ಚಕ್ರ ನೇರ ಕೂರಿಸಿ, ಕಂಪನಿ ಹೇಳಿದಷ್ಟೇ ಬಿಗಿತಕ್ಕೆ (ಟಾರ್ಕ್) ಬಿಗಿ ಮಾಡಿದರೆ ಮುಗಿಯಿತು. ಮೂರನೆಯದು ಹಾಗಲ್ಲ.

ಯಾವುದು ಅಂತ ಬಿಚ್ಚದೆಯೇ ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಎರಡು ಫೋರ್ಕ್ ಪೈಪುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಟೆ ಗಾಜಿನ ತುಂಡು ಒತ್ತಿ ಇಡಿ. ದಪ್ಪ ಗಾಜು ಇರಲಿ, ಅಂಚಿಗೆ ಟೇಪ್ ಸುತ್ತಿಕೊಳ್ಳಿ. ಗಾಜು ನಾಲ್ಕು ಮೂಲೆಯಲ್ಲೂ ಕಚ್ಚಿ ಕೂತರೆ ಪೈಪುಗಳು ಸಮಾನಾಂತರವಾಗಿವೆ. ಅಲ್ಲಾಡಿದರೆ ತಿರುಚಿದೆ ಅಥವಾ ಬಾಗಿದೆ. ಆಮೇಲೆ ದಾರದ ಪರೀಕ್ಷೆ. ಬೈಕನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಟೈರಿಗೆ ದಾರ ಸುತ್ತಿ, ಎರಡೂ ಬದಿಯಿಂದ ಮುಂದಕ್ಕೆ ಬಿಗಿಯಾಗಿ ಎಳೆಯಿರಿ. ದಾರ ಹಿಂದಿನ ಟೈರಿನ ಮುಂದಿನ ಅಂಚನ್ನೂ ಸವರುವಂತಿರಬೇಕು. ಹಿಂದಿನ ಟೈರು ಅಗಲ ಇದ್ದರೆ ಮುಂದಿನ ಚಕ್ರದ ಎರಡೂ ಕಡೆ ದಾರಕ್ಕೂ ಟೈರಿಗೂ ನಡುವೆ ಜಾಗ ಸಿಗುತ್ತದೆ. ಆ ಜಾಗ ಎರಡೂ ಕಡೆ ಸಮ ಇರಬೇಕು. ಒಂದು ಕಡೆ ಕಡಿಮೆ, ಒಂದು ಕಡೆ ಜಾಸ್ತಿ ಬಂದರೆ ಮೊದಲು ಚೈನ್ ಬಿಗಿ ಮಾಡುವ ಜಾಗದ ಗುರುತು ಎರಡೂ ಕಡೆ ಒಂದೇ ಇದ್ದು ಹಿಂದಿನ ಚಕ್ರ ನೇರ ಇದೆಯೇ ನೋಡಿ. ಅದು ಸರಿ ಇದ್ದರೆ ಬೈಕಿನ ಚೌಕಟ್ಟು, ಅಂದರೆ ಚಾಸಿಯನ್ನೂ ಅಳತೆ ಮಾಡಿಸಬೇಕು.

ನಡುಕಕ್ಕೆ ರಿಮ್ ಬೆಂಡ್ ಕಾರಣ ಇರಬಹುದು, ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್, ಅಂದರೆ ಕೋನ್ ಸೆಟ್, ಸಡಿಲ ಇರಬಹುದು. ಮುಂದಿನ ಚಕ್ರ ನೆಲದಿಂದ ಎತ್ತಿ. ಫೋರ್ಕಿಗೆ ಒಂದು ಪೆನ್ನು ಕಟ್ಟಿ, ಅದರ ತುದಿ ರಿಮ್ಮಿಗೆ ತಾಗುವಷ್ಟು ಹತ್ತಿರ ತನ್ನಿ. ಚಕ್ರ ನಿಧಾನ ತಿರುಗಿಸಿ. ಬಹಳಷ್ಟು ಕಂಪನಿಗಳ ಸರ್ವಿಸ್ ಮ್ಯಾನ್ಯುಯಲ್‌ಗಳಲ್ಲಿ ರಿಮ್ ಓಲಾಟದ ಮಿತಿ 2 ಮಿಲಿಮೀಟರ್. ನಿಮ್ಮ ಮಾದರಿಯ ಪುಸ್ತಕದಲ್ಲಿರುವ ಅಂಕಿಯನ್ನೇ ಹಿಡಿಯಿರಿ. ಆಮೇಲೆ ಎರಡು ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಟಕ್ ಅಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲ್ ನಿಧಾನ ತಿರುಗಿಸುವಾಗ ನಡುವೆ ಒಂದು ಕಡೆ ಕಚ್ಚಿ ನಿಂತಂತೆ ಆದರೆ ಕೋನ್ ಸೆಟ್ಟಿನಲ್ಲಿ ಗುಳಿ ಬಿದ್ದಿದೆ. ಎದುರಿನಿಂದ ಗುದ್ದಿದ ಗಾಡಿಯಲ್ಲಿ ಇದು ತೀರಾ ಸಾಮಾನ್ಯ. ಸರ್ವೇಯರ್ ಹೊರಗಿನಿಂದ ನೋಡಿದರೆ ಇದು ಕಾಣುವುದೂ ಇಲ್ಲ.

ಗೀರಿರುವ ಪೈಪಿನ ಬಗ್ಗೆ ನನಗೆ ಹೆಚ್ಚು ಸಿಟ್ಟು ಬರುತ್ತದೆ. ಬಾಗಿದ ಫೋರ್ಕ್ ಪೈಪನ್ನು ಪ್ರೆಸ್ಸಿಗೆ ಹಾಕಿ ನೇರ ಮಾಡಿ, ‘ಹೊಸದು’ ಅಂತ ಬಿಲ್ ಬರೆಯುವ ಗ್ಯಾರೇಜುಗಳನ್ನು ನಾನು ನೋಡಿದ್ದೇನೆ. ಕಬ್ಬಿಣ ಬಾಗಿ ಮತ್ತೆ ನೇರ ಆದರೆ ಮೊದಲಿನ ಕಬ್ಬಿಣ ಅಲ್ಲ. ಬಾಗಿದ ಜಾಗ ದಣಿದಿರುತ್ತದೆ. ಕ್ರೋಮ್ ಸಣ್ಣಗೆ ಬಿರುಕು ಬಿಟ್ಟಿರುತ್ತದೆ. ಆ ಬಿರುಕು, ಆ ಗೀರು ಆಯಿಲ್ ಸೀಲನ್ನು ಕುಯ್ಯುತ್ತಾ ಇರುತ್ತದೆ. ಹೊಸ ಸೀಲ್ ಹಾಕಿದರೂ ಮತ್ತೆ ಸೋರುತ್ತದೆ. ನಿಮ್ಮ ಬಲಗಡೆಯ ಸೋರಿಕೆಗೂ ಆ ಗೀರಿಗೂ ನಂಟು ಇರುವ ಸಾಧ್ಯತೆ ಹೆಚ್ಚು. ಪೈಪ್ ಬಿಚ್ಚಿ, ಎರಡು ವಿ-ಬ್ಲಾಕ್ (ವಿ ಆಕಾರದ ಆಸರೆ) ಮೇಲಿಟ್ಟು, ಬಾಗು ಅಳೆಯುವ ಡಯಲ್ ಗೇಜ್ ಹಚ್ಚಿ ತಿರುಗಿಸಿದರೆ ಐದು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ. ಲೇತ್ ಕೆಲಸ ಮಾಡುವವರ ಹತ್ತಿರ ಈ ಗೇಜ್ ಇರುತ್ತದೆ.

ಆದರೆ ಬಿಚ್ಚಿಸುವುದು ಯಾವಾಗ ಅನ್ನುವುದೇ ಇಲ್ಲಿ ಮುಖ್ಯ. ನಿಮ್ಮ ಪರಿಚಯದ ಮೆಕ್ಯಾನಿಕ್ ಒಳ್ಳೆಯವರೇ ಇರಬಹುದು. ಅವರು ಒಂದು ಬೋಲ್ಟ್ ತಿರುಗಿಸಿದ ಕೂಡಲೇ ಗ್ಯಾರೇಜಿನವರು ‘ನಾವು ಸರಿಯಾಗೇ ಕೊಟ್ಟಿದ್ದೆವು, ಬೇರೆಯವರು ಕೈ ಹಾಕಿ ಕೆಡಿಸಿದ್ದಾರೆ’ ಅಂತಾರೆ. ಆಗ ನಿಮ್ಮ ಮಾತಿಗೆ ಆಧಾರ ಇರುವುದಿಲ್ಲ. ಮೊದಲು ಬೈಕ್ ಹೇಗಿದೆಯೋ ಹಾಗೇ ಫೋಟೋ, ವಿಡಿಯೊ ತೆಗೆಯಿರಿ. ಕಿಲೋಮೀಟರ್ ಮೀಟರ್ ಕಾಣುವ ಹಾಗೆ ಒಂದು ಫೋಟೋ ಇರಲೇಬೇಕು. ಪೈಪಿನ ಗೀರು, ಆಯಿಲ್ ಗೆರೆ, ಗಾಜು ಅಲ್ಲಾಡುವುದು, ಪೆನ್ನಿನ ತುದಿಯಲ್ಲಿ ರಿಮ್ ಓಲಾಡುವುದು ಎಲ್ಲವನ್ನೂ ತೆಗೆಯಿರಿ.

ಇನ್ನು ಕಾಗದ. ವಿಮೆ ಕಂಪನಿಯಿಂದ ಸರ್ವೇ ವರದಿಯ ಪ್ರತಿ ಕೇಳಿ ಪಡೆಯಿರಿ. ಯಾವ ಸಾಮಾನು ಬದಲಿಸಬೇಕು, ಯಾವುದು ರಿಪೇರಿ ಸಾಕು ಅಂತ ಅದರಲ್ಲಿ ಇರುತ್ತದೆ. ಗ್ಯಾರೇಜಿನ ಕೊನೆಯ ಬಿಲ್ ತೆಗೆದುಕೊಳ್ಳಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಬೈಕಿನ ಮುಂದೆ ಕೂತು ಸಾಲು ಸಾಲಾಗಿ ನೋಡಿ. ಒಂದು ಗಂಟೆ ಹಿಡಿಯುತ್ತದೆ. ಆ ಗಂಟೆ ಕೂತವರು ಆಮೇಲೆ ಎರಡು ಆಫೀಸಿನ ನಡುವೆ ಅಲೆಯುವುದು ಕಡಿಮೆ ಆಗುತ್ತದೆ. ಯಾಕೆಂದರೆ ನಿಮ್ಮ ದೂರುಗಳು ತಾವಾಗೇ ಬೇರೆ ಬೇರೆ ಆಗುತ್ತವೆ. ವರದಿಯಲ್ಲಿದೆ, ಬಿಲ್ಲಿನಲ್ಲೂ ಇದೆ, ಆದರೆ ಗಾಡಿಯಲ್ಲಿ ಇಲ್ಲ ಅಥವಾ ಕೆಟ್ಟದಾಗಿ ಆಗಿದೆ ಅಂದರೆ ಅದು ಗ್ಯಾರೇಜಿನ ಹೊಣೆ. ಫೋರ್ಕ್ ಪೈಪ್ ಈ ಜಾತಿಗೆ ಸೇರಿದ್ದು. ಅದು ಬರೀ ಕೆಟ್ಟ ಕೆಲಸ ಅಲ್ಲ, ಹಾಕದ ಸಾಮಾನಿಗೆ ವಿಮೆ ಕಂಪನಿಯಿಂದಲೂ ಹಣ ಪಡೆದ ಹಾಗಾಗುತ್ತದೆ. ಇದನ್ನು ವಿಮೆಯವರಿಗೆ ಬರೆದು ತಿಳಿಸಿದರೆ ‘ಗ್ಯಾರೇಜಿನಲ್ಲಿ ಕೇಳಿ’ ಅಂತ ಕೈತೊಳೆದುಕೊಳ್ಳುವುದು ಅವರಿಗೆ ಸುಲಭ ಅಲ್ಲ. ಗ್ಯಾರೇಜ್ ಸೂಚಿಸಿದ್ದೂ ಅವರೇ ಅಲ್ವಾ? ಸೂಚಿಸಿದ ಗ್ಯಾರೇಜಿನ ಕೆಲಸಕ್ಕೆ ಗ್ಯಾರಂಟಿ ಇದೆಯೇ ಅಂತ ಪಾಲಿಸಿಯಲ್ಲಿ ಹುಡುಕಿ.

ಕೋನ್ ಸೆಟ್, ಟಿ, ಚಾಸಿ ವರದಿಯಲ್ಲೇ ಇಲ್ಲದಿದ್ದರೆ ಅದು ಬೇರೆ ವಿಷಯ. ಅದು ಅದೇ ಅಪಘಾತದ ಒಳಪೆಟ್ಟು, ಬಿಚ್ಚಿದಾಗ ಕಾಣಬೇಕಿತ್ತು, ಯಾರೂ ನೋಡಲಿಲ್ಲ. ಅದಕ್ಕೆ ವಿಮೆ ಕಂಪನಿಗೆ ಹೆಚ್ಚುವರಿ ಹಾನಿ ಅಂತ ಬರೆದು, ಮರುಪರಿಶೀಲನೆ ಕೇಳಬೇಕು. ‘ಪಾಸ್ ಮಾಡಿದ್ದೇ ಇಷ್ಟು’ ಅನ್ನುವ ಗ್ಯಾರೇಜಿನ ಉತ್ತರ ಇಲ್ಲಿ ನಿಲ್ಲುವುದಿಲ್ಲ. ಒಳಪೆಟ್ಟು ಕಂಡ ದಿನವೇ ಕೆಲಸ ನಿಲ್ಲಿಸಿ ಸರ್ವೇಯರನ್ನು ಮತ್ತೆ ಕರೆಸಬೇಕಾಗಿದ್ದವರು ಅವರೇ. ಇನ್ನು ಸವೆದ ಚೈನ್, ಹಳೆಯ ಟೈರಿನಂಥದ್ದನ್ನು ಈ ಪಟ್ಟಿಗೆ ಸೇರಿಸಬೇಡಿ. ಅದು ನಿಮ್ಮದು. ಒಂದು ಸುಳ್ಳು ಸೇರಿದರೆ ಉಳಿದ ಹತ್ತು ನಿಜಕ್ಕೂ ಬೆಲೆ ಹೋಗುತ್ತದೆ.

ಸಹಿ ಹಾಕಿದ್ದಕ್ಕೆ ಎದೆಗುಂದಬೇಡಿ. ಆ ಕಾಗದ ತೆಗೆದು ಓದಿ. ಗಾಡಿ ಪಡೆದಿದ್ದೇನೆ ಅಂತ ಮಾತ್ರ ಇದೆಯೋ, ಕೆಲಸ ತೃಪ್ತಿಯಾಗಿದೆ ಅಂತ ಇದೆಯೋ ನೋಡಿ. ತೃಪ್ತಿ ಅಂತ ಇದ್ದರೂ, ನಿಂತ ಗಾಡಿಯಲ್ಲಿ ಕಾಣದ ದೋಷ ಓಡಿಸಿದ ಮೇಲೆ ಕಂಡಿತು ಅಂತ ನೀವು ಹೇಳಬಹುದು. ಆದರೆ ಬೇಗ ಹೇಳಬೇಕು. ದಿನ ಕಳೆದಷ್ಟೂ ‘ಇಷ್ಟು ದಿನ ಓಡಿಸಿದ್ದೀರಲ್ಲ’ ಅಂತಾರೆ. ಇವತ್ತೇ ಗ್ಯಾರೇಜಿಗೂ ವಿಮೆ ಕಂಪನಿಗೂ ಒಂದೇ ಪತ್ರ ಬರೆಯಿರಿ. ಇಬ್ಬರಿಗೂ ಹೋಗಿದೆ ಅಂತ ಇಬ್ಬರಿಗೂ ಕಾಣಲಿ. ಕ್ಲೈಮ್ ನಂಬರ್, ಗಾಡಿ ವಾಪಸ್ ಪಡೆದ ದಿನ, ಕಿಲೋಮೀಟರ್, ಒಂದೊಂದು ದೋಷಕ್ಕೂ ಒಂದು ಅಳತೆ, ಒಂದು ಫೋಟೋ. ಯಾವ ದಿನದೊಳಗೆ ಉತ್ತರ ಬೇಕು ಅಂತ ತಾರೀಖು ಹಾಕಿ. ಫೋನಿನಲ್ಲಿ ಏನೇ ಮಾತಾಡಿದರೂ ಅವತ್ತೇ ಎರಡು ಸಾಲು ಬರೆದು ಕಳುಹಿಸಿ.

ಸರಿಪಡಿಸಲು ಗ್ಯಾರೇಜಿಗೆ ಒಂದು ಅವಕಾಶ ಕೊಡಿ. ಕೊಡದಿದ್ದರೆ ಮುಂದೆ ಅದನ್ನೇ ನಿಮ್ಮ ತಪ್ಪು ಅಂತ ತೋರಿಸುತ್ತಾರೆ. ಆದರೆ ಫೋರ್ಕ್ ಬಿಚ್ಚುವಾಗ ನೀವು ಅಲ್ಲಿರುತ್ತೀರಿ, ಪೈಪ್ ಗೇಜ್ ಮೇಲೆ ತಿರುಗುವುದನ್ನು ನೋಡುತ್ತೀರಿ ಅಂತ ಪತ್ರದಲ್ಲೇ ಬರೆಯಿರಿ. ಒಪ್ಪದಿದ್ದರೆ, ಅಥವಾ ಮತ್ತೆ ಹಾಗೇ ಕೊಟ್ಟರೆ, ಇವರಿಬ್ಬರಿಗೂ ಸಂಬಂಧವಿಲ್ಲದ ಒಬ್ಬ ಪರಿಣತರಿಂದ ಅಳತೆ ಸಮೇತ ಲಿಖಿತ ವರದಿ ಮಾಡಿಸಿ. ನಿಮ್ಮ ಪರಿಚಯದ ಮೆಕ್ಯಾನಿಕ್ ಇಲ್ಲಿ ನೆರವಾಗಬಹುದು, ರಿಪೇರಿಗಲ್ಲ, ಎಲ್ಲಿ ನೋಡಬೇಕು ಅಂತ ಹೇಳಲು. ಆ ವರದಿ ಕೈಯಲ್ಲಿದ್ದರೆ ವಿಮೆ ಕಂಪನಿಯ ಮೇಲಿನ ಹಂತದ ದೂರು ವಿಭಾಗಕ್ಕೂ, ಅಲ್ಲಿಂದ ಹೊರಗಿನ ಗ್ರಾಹಕ ಆಯೋಗಕ್ಕೂ ಧೈರ್ಯವಾಗಿ ಹೋಗಬಹುದು.

ಪ್ರಶ್ನೆ: ಬಿದ್ದ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಬಣ್ಣ ಹೊಡೆದು ಕೊಟ್ಟಿದ್ದಾರೆ. ಒಳಗೆ ಟ್ಯೂಬ್‌ಲೈಟಿನಲ್ಲಿ ಒಂದೇ ಬಣ್ಣ, ಬಿಸಿಲಿಗೆ ತಂದರೆ ಬೇರೆ. ಟ್ಯಾಂಕ್ ಹೊಸದು ಅಂತಾರೆ. ನಂಬಬಹುದಾ?

ಉತ್ತರ: ಮಿನುಗುವ ಪುಡಿ ಬೆರೆಸಿದ ಮೆಟಾಲಿಕ್ ಬಣ್ಣಗಳಿಗೆ ಈ ಗುಣ ಇದೆ. ಬೆಳಕು ಬದಲಾದರೆ ನೋಟವೂ ಬದಲಾಗುತ್ತದೆ. ಬಣ್ಣ ಬೇರೆ ಕಂಡಿತು ಅಂದ ಮಾತ್ರಕ್ಕೆ ಟ್ಯಾಂಕ್ ಹಳೆಯದು ಅಂತಲ್ಲ. ಕಬ್ಬಿಣದ ಟ್ಯಾಂಕ್ ಆದರೆ ಒಂದು ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೇಲೆಲ್ಲ ಆಡಿಸಿ. ಎಲ್ಲ ಕಡೆ ಒಂದೇ ಬಿಗಿಯಲ್ಲಿ ಹಿಡಿಯಬೇಕು. ಒಂದು ಕಡೆ ಹಿಡಿತ ಸಡಿಲವಾದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ, ಅಂದರೆ ಡೆಂಟ್ ಮುಚ್ಚಿದ ಹಳೆಯ ಟ್ಯಾಂಕ್. ಪ್ಲಾಸ್ಟಿಕ್ಕಿಗೂ ಅಲ್ಯೂಮಿನಿಯಮ್ಮಿಗೂ ಈ ಪರೀಕ್ಷೆ ನಡೆಯುವುದಿಲ್ಲ. ಬಿಲ್ಲಿನಲ್ಲಿ ಹೊಸ ಟ್ಯಾಂಕ್ ಅಂತ ಇದ್ದರೆ, ಅದನ್ನು ಕೊಂಡ ಬಿಲ್ಲನ್ನು ಪಾರ್ಟ್ ನಂಬರ್ ಸಮೇತ ತೋರಿಸಲು ಕೇಳಿ. ಬದಲಾಯಿಸಿದ ಹಳೆಯ ಟ್ಯಾಂಕ್ ಎಲ್ಲಿದೆ ಅಂತಲೂ ಕೇಳಿ. ಅದನ್ನು ವಿಮೆಯವರು ತೆಗೆದುಕೊಂಡು ಹೋಗಿದ್ದರೆ ಅದಕ್ಕೂ ಒಂದು ರಸೀದಿ ಇರುತ್ತದೆ.