ಕೆಇಆರ್‌ಸಿ ಸದಸ್ಯರಾಗಲು ಐಎಎಸ್ ಮಾಡಲೇಬೇಕಾ?

ನಿಮ್ಮ ಪ್ರಶ್ನೆ ಓದಿ ಸಣ್ಣಗೆ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. 27 ವರ್ಷ, ಎಸ್ಕಾಂನಲ್ಲಿ (ವಿದ್ಯುತ್ ಹಂಚುವ ಕಂಪನಿ) ಎಇ, ಅಂದರೆ ಸಹಾಯಕ ಎಂಜಿನಿಯರ್, ಮುಂದೊಂದು ದಿನ ರಾಜ್ಯದ ವಿದ್ಯುತ್ ದರ ನಿಗದಿ ಮಾಡುವ ಕೆಇಆರ್‌ಸಿಯಲ್ಲಿ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ಕೂರಬೇಕು, ಅದಕ್ಕೆ ಕೆಲಸ ಬಿಟ್ಟು ಯುಪಿಎಸ್‌ಸಿ ಬರೆಯಲಾ ಇಲ್ಲ ಎಂಬಿಎ ಮಾಡಲಾ ಅಂತ ಕೇಳಿದ್ದೀರಿ. ನಾನೂ ನಿಮ್ಮ ಕುರ್ಚಿಯಲ್ಲೇ ಕೂತಿದ್ದವನು. ಆ ಆಸೆ ನನಗೆ ಬಂದದ್ದು ತಡವಾಗಿ, ಅಷ್ಟರಲ್ಲಿ ಬಾಗಿಲನ್ನು ನಾನೇ ಹಾಕಿಕೊಂಡಾಗಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ. ಯುಪಿಎಸ್‌ಸಿ ವಿಷಯ ಆಮೇಲೆ ನೋಡೋಣ.

1986ರಲ್ಲಿ ಕೆಇಬಿ, ಅಂದರೆ ಆಗಿನ ಕರ್ನಾಟಕ ವಿದ್ಯುತ್ ಮಂಡಳಿ, ಸೇರಿದೆ. ಆಗ ಆಯೋಗ ಗೀಯೋಗ ಏನೂ ಇರಲಿಲ್ಲ. ದರ ಏರಿಸಬೇಕು ಅಂದರೆ ಬೋರ್ಡಿನಿಂದ ಕಡತ ಹೋಗುತ್ತಿತ್ತು, ಸರ್ಕಾರದವರು ಚುನಾವಣೆ ಎಷ್ಟು ದೂರ ಇದೆ ಅಂತ ನೋಡಿಕೊಂಡು ಹೂಂ ಇಲ್ಲ ಉಹೂಂ ಅನ್ನುತ್ತಿದ್ದರು. 1996ರಲ್ಲಿ ಒರಿಸ್ಸಾದಲ್ಲಿ ಮೊದಲ ಆಯೋಗ ಬಂತು. 1998ರಲ್ಲಿ ಇಂಥ ಆಯೋಗಗಳಿಗೆ ಕೇಂದ್ರದ ಕಾಯ್ದೆ. ನಮ್ಮಲ್ಲಿ 1999ರ ಆಗಸ್ಟ್‌ನಲ್ಲಿ ಬೋರ್ಡು ಹೋಗಿ ಕೆಪಿಟಿಸಿಎಲ್ ಅನ್ನೋ ಸರ್ಕಾರಿ ಕಂಪನಿ ಆಯಿತು, ಅದೇ ವರ್ಷ ನವೆಂಬರ್‌ನಲ್ಲಿ ಕೆಇಆರ್‌ಸಿ. 2002ರಲ್ಲಿ ವಿತರಣೆಯನ್ನು ಬೇರೆ ಮಾಡಿ ಎಸ್ಕಾಂಗಳನ್ನು ಹುಟ್ಟಿಸಿದರು. ಫೀಲ್ಡಿನಲ್ಲಿದ್ದ ನಮಗೆ ಗೊತ್ತಾದದ್ದು ಲೆಟರ್‌ಹೆಡ್ ಬದಲಾಯಿತು, ರಬ್ಬರ್ ಸ್ಟಾಂಪ್ ಬದಲಾಯಿತು ಅನ್ನೋದಷ್ಟೇ.

ನಾನು ಆಗ ಒಂದು ರಿಸೀವಿಂಗ್ ಸ್ಟೇಷನ್‌ನಲ್ಲಿದ್ದೆ (ದೊಡ್ಡ ಲೈನಿನ ವಿದ್ಯುತ್ ಬಂದು ಇಳಿಯುವ ಕೇಂದ್ರ). ಕಂಟ್ರೋಲ್ ರೂಮಿನಲ್ಲಿ ಫ್ರೀಕ್ವೆನ್ಸಿ ಮೀಟರ್ ಇತ್ತು. 50 ಹರ್ಟ್ಜ್ ಇರಬೇಕಾದದ್ದು ಬೇಸಿಗೆಯ ಸಂಜೆ, ಬೇಡಿಕೆಗೆ ತಕ್ಕ ವಿದ್ಯುತ್ ಇಲ್ಲದೆ, 48ರ ಹತ್ತಿರ ಜೋಲುತ್ತಿತ್ತು, ಕೆಲವು ಸಲ ಅದಕ್ಕೂ ಕೆಳಗೆ. ನಾವು ಊರುಗಳಿಗೆ ವಿದ್ಯುತ್ ಒಯ್ಯುವ ಲೈನುಗಳನ್ನು, ಅಂದರೆ ಫೀಡರ್‌ಗಳನ್ನು, ಒಂದು ಕಿತ್ತು ಒಂದು ಹಾಕುತ್ತಾ ಕೂರುತ್ತಿದ್ದೆವು. 2003ರ ಜನವರಿ 1ರಿಂದ ದಕ್ಷಿಣದ ಗ್ರಿಡ್‌ಗೆ ಎಬಿಟಿ (ಅವೈಲಬಿಲಿಟಿ ಬೇಸ್ಡ್ ಟ್ಯಾರಿಫ್) ಅನ್ನೋ ಹೊಸ ದರ ಪದ್ಧತಿ ಬಂತು. ಪ್ರತಿ 15 ನಿಮಿಷಕ್ಕೊಂದು ಲೆಕ್ಕ. ಫ್ರೀಕ್ವೆನ್ಸಿ ಬಿದ್ದಿರುವಾಗ ನಿಗದಿಗಿಂತ ಜಾಸ್ತಿ ಎಳೆದುಕೊಂಡ ರಾಜ್ಯ ಆ ಹೆಚ್ಚುವರಿ ಯೂನಿಟ್‌ಗೆ ದುಬಾರಿ ಬೆಲೆ ಕೊಡಬೇಕು, ಫ್ರೀಕ್ವೆನ್ಸಿ ಎಷ್ಟು ಕೆಳಗೋ ಬೆಲೆ ಅಷ್ಟು ಮೇಲೆ. ಅಷ್ಟೇ ನೋಡಿ. ಹೊಸ ತಂತಿ ಎಳೆಯಲಿಲ್ಲ, ಹೊಸ ಟ್ರಾನ್ಸ್‌ಫಾರ್ಮರ್ ಬರಲಿಲ್ಲ, ಆದರೂ ಮೀಟರ್ ಮುಳ್ಳು 49 ದಾಟಿ ನಿಲ್ಲಲು ಶುರು ಮಾಡಿತು. ಶಿಫ್ಟಿನವರು ಬಂದು ಮೀಟರ್ ಕೆಟ್ಟಿದೆಯೇನೋ ಸಾರ್ ಅಂತ ಕೇಳಿದ್ದೂ ಉಂಟು!

ಈ ಪದ್ಧತಿಯ ಹಿಂದೆ ಇದ್ದವರು ಭಾನು ಭೂಷಣ್. ಕೇಂದ್ರದ ವಿದ್ಯುತ್ ಪ್ರಸರಣ ಕಂಪನಿ ಪವರ್‌ಗ್ರಿಡ್‌ನ ಎಂಜಿನಿಯರ್, ಆಮೇಲೆ ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ ಸದಸ್ಯರಾದರು. ಹರ್ಟ್ಜ್‌ಗೂ ರೂಪಾಯಿಗೂ ಗಂಟು ಹಾಕಿದ ಮನುಷ್ಯ. ಒಬ್ಬ ಎಂಜಿನಿಯರ್ ಆಯೋಗದಲ್ಲಿ ಏನು ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ನನ್ನ ಕಣ್ಣ ಮುಂದೆ, ಗೋಡೆಯ ಮೇಲೆ, ದಿನಕ್ಕೆ 24 ಗಂಟೆ ಆ ಉದಾಹರಣೆ ಓಡುತ್ತಿತ್ತು. ಆದರೂ ನಾನು ಮುಂದಿನ ವರ್ಷ ಏನು ಮಾಡಿದೆ ಕೇಳಿ.

2004ರಲ್ಲಿ ಹೆಡ್ ಆಫೀಸಿನಿಂದ ಫೋನ್ ಬಂತು. ದರದ ಲೆಕ್ಕ ನೋಡುವ ಟ್ಯಾರಿಫ್ ಸೆಕ್ಷನ್‌ಗೆ ಒಬ್ಬ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಬೇಕು, ಬರುತ್ತೀರಾ ಅಂತ. ನಾನು ಹೇಳಿದ ಮಾತು ಇವತ್ತಿಗೂ ನೆನಪಿದೆ: "ಸಾರ್, ನಾನು ಟೆಕ್ನಿಕಲ್."

ಈ ಮೂರು ಪದ ಯಾಕೆ ಬಂತು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದರ ವಾಸನೆ ಇದೆ. ಟ್ಯಾರಿಫ್ ಅಂದರೆ ಅಕೌಂಟ್ಸ್‌ನವರ ಕೆಲಸ ಅಂತ ನನ್ನ ತಲೆಯಲ್ಲಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಎಕ್ಸೆಲ್ ಶೀಟು, ಆಯೋಗ ಕೇಳಿದ ಪ್ರಶ್ನೆಗೆ ಉತ್ತರ, ಆ ಉತ್ತರಕ್ಕೆ ಮತ್ತೆ ಅವರ ಪ್ರಶ್ನೆ. ಸೈಟ್ ಇಲ್ಲ, ಜೀಪ್ ಇಲ್ಲ, ಕೈಕೆಳಗೆ ಲೈನ್‌ಮನ್ ಇಲ್ಲ. ಜೀಪಿನ ವಿಷಯ ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ, ಆ ಕಾಲಕ್ಕೆ ಅದು ಸಣ್ಣ ವಿಷಯ ಆಗಿರಲಿಲ್ಲ. ಇನ್ನೊಂದು, ಹೆಡ್ ಆಫೀಸಿನ ಟೇಬಲ್‌ಗೆ ಹೋದವನನ್ನು ಸ್ನೇಹಿತರು ಗುಮಾಸ್ತ ಅಂತ ಆಡಿಕೊಳ್ಳುತ್ತಿದ್ದರು. ಅದೂ ಸಾಲದು ಅಂತ ನಾನು ಪರಿಚಯದವರೊಬ್ಬರನ್ನು ಹಿಡಿದು, ಒಂದು 220 ಕೆವಿ ಸ್ಟೇಷನ್ ಕಟ್ಟುವ ಕೆಲಸಕ್ಕೆ ವರ್ಗ ಮಾಡಿಸಿಕೊಂಡೆ. ಬೇಡ ಅಂದದ್ದು ಒಂದು ತಪ್ಪು, ಓಡಿಹೋಗಲು ವಶೀಲಿ ಮಾಡಿದ್ದು ಇನ್ನೊಂದು. ಆ ಕುರ್ಚಿಗೆ ನನಗಿಂತ ಆರು ವರ್ಷ ಚಿಕ್ಕ ಹುಡುಗನೊಬ್ಬ ಹೋದ. ಪಾಪ, ಸಿಕ್ಕಿಹಾಕಿಕೊಂಡ ಅಂತ ನಾವೆಲ್ಲ ಕ್ಯಾಂಟೀನಿನಲ್ಲಿ ಮರುಗಿದೆವು.

ಸ್ಟೇಷನ್ ಚೆನ್ನಾಗೇ ಕಟ್ಟಿದೆ. ಅದರಲ್ಲಿ ಎರಡು ಮಾತಿಲ್ಲ.

ಐದಾರು ವರ್ಷ ಕಳೆಯಿತು. ನಾನು ವಿತರಣೆ ಕಡೆ ಬಂದು ಇಇ, ಅಂದರೆ ಕಾರ್ಯನಿರ್ವಾಹಕ ಎಂಜಿನಿಯರ್, ಆಗಿದ್ದೆ. ದರ ಏರಿಕೆ ಅರ್ಜಿಯ ಸಾರ್ವಜನಿಕ ವಿಚಾರಣೆ ಜಿಲ್ಲೆಯ ಸಭಾಂಗಣವೊಂದರಲ್ಲಿ ನಡೆಯಿತು. ನಿಮಗೆ ಗೊತ್ತೇ ಇರುತ್ತದೆ, ನವೆಂಬರ್ ಕೊನೆಯೊಳಗೆ ಎಸ್ಕಾಂ ಅರ್ಜಿ ಹಾಕಬೇಕು, ಪತ್ರಿಕೆಯಲ್ಲಿ ಪ್ರಕಟಿಸಬೇಕು, ಜನ ಆಕ್ಷೇಪಣೆ ಸಲ್ಲಿಸುತ್ತಾರೆ, ಅರ್ಜಿ ಸ್ವೀಕರಿಸಿದ 120 ದಿನದೊಳಗೆ ಆಯೋಗ ಆದೇಶ ಕೊಡಬೇಕು. ನಮ್ಮನ್ನು ಸುಮ್ನೆ ಕುರ್ಚಿ ತುಂಬಿಸಲು ಕರೆಸಿದ್ದರು. ನಾನು ಕೊನೆ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದೆ. ಒಬ್ಬ ವಯಸ್ಸಾದ ರೈತ ಎದ್ದು ನಿಂತ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಪತ್ರಿಕೆಯ ಕತ್ತರಿಸಿದ ತುಂಡು. "ಸ್ವಾಮಿ, ನನ್ನ ಪಂಪ್‌ಗೆ ಮೀಟ್ರೇ ಇಲ್ಲ. ನಾನು ವರ್ಷಕ್ಕೆ ಇಷ್ಟು ಯೂನಿಟ್ ಸುಟ್ಟೆ ಅಂತ ಇವರಿಗೆ ಹೇಳಿದ್ದು ಯಾರು?"

ಇಡೀ ಕರ್ನಾಟಕದ ವಿದ್ಯುತ್ ಲೆಕ್ಕದ ಜುಟ್ಟು ಇರುವುದು ಆ ಒಂದು ಪ್ರಶ್ನೆಯಲ್ಲಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ದುಡ್ಡು ಸರ್ಕಾರದ ಸಬ್ಸಿಡಿಯಿಂದ ಬರಬೇಕು, ಆದರೆ ಹೆಚ್ಚಿನವಕ್ಕೆ ಮೀಟರ್ ಇಲ್ಲ. ಹಾಗಾಗಿ ಬಳಕೆ ಅನ್ನೋದು ಅಂದಾಜು. ಅಂದಾಜು ಜಾಸ್ತಿ ಬರೆದರೆ ಕಳ್ಳತನ, ಸೋರಿಕೆ ಎಲ್ಲ ರೈತನ ಹೆಸರಿನಲ್ಲಿ ಮುಚ್ಚಿಹೋಗುತ್ತದೆ, ಕಂಪನಿಯ ನಷ್ಟದ ಶೇಕಡಾವಾರು ಚೆಂದ ಕಾಣುತ್ತದೆ. ಆಯೋಗದ ಸದಸ್ಯರು ತಲೆ ಎತ್ತಿ, ಫೀಲ್ಡಿನವರು ಯಾರಾದರೂ ಇದ್ದೀರಾ, ಈ ಲೆಕ್ಕ ಹೇಗೆ ಬಂತು ಹೇಳಿ ಅಂದರು. ಫೀಲ್ಡಿನವನು ಅಂದರೆ ನಾನೇ. ಆ ರೈತನ ಊರಿನ ಫೀಡರ್ ನನ್ನದೇ ಡಿವಿಜನ್. ಆ ಫೀಡರಿನ ಕಂಬ ಕಂಬ ನನಗೆ ಗೊತ್ತು. ಆದರೆ ಲೆಕ್ಕ ಗೊತ್ತಿರಲಿಲ್ಲ. ನಾನು ಮುಂದಿನವರ ಬೆನ್ನ ಹಿಂದೆ ತಲೆ ತಗ್ಗಿಸಿದೆ.

ಮುಂದಿನ ಸಾಲಿನಿಂದ ಎದ್ದವನು ನಾನು ಬೇಡ ಅಂದ ಟ್ಯಾರಿಫ್ ಕುರ್ಚಿಗೆ ಹೋಗಿದ್ದ ಆ ಹುಡುಗ. ಪೇಪರ್ ನೋಡದೆ ಹೇಳಿದ. 11 ಕೆವಿ ಫೀಡರಿನ ರೀಡಿಂಗ್ ಇಷ್ಟು, ತಂತಿಯಲ್ಲಿ ಹೋಗುವ ನಷ್ಟ ಇಷ್ಟು ಅಂತ ಕಳೆದಿದ್ದೇವೆ, ಉಳಿದದ್ದನ್ನು ಪಂಪ್‌ಸೆಟ್ ಸಂಖ್ಯೆಯಿಂದ ಭಾಗಿಸಿದ್ದೇವೆ, ಆದರೆ ಈ ಫೀಡರಿನಲ್ಲಿ ಮನೆಗಳೂ ಇರುವುದರಿಂದ ಲೆಕ್ಕ ಪೂರ್ತಿ ಸರಿಯಿಲ್ಲ, ಪಂಪ್‌ಸೆಟ್‌ಗೇ ಫೀಡರ್ ಬೇರೆ ಮಾಡಿದ ಜಾಗದ ಅಂಕಿಯನ್ನು ಮಾತ್ರ ನಂಬಬಹುದು ಅಂತ. ತನ್ನ ಕಂಪನಿಯ ಅಂಕಿಯನ್ನೇ ಅರ್ಧ ಬಿಟ್ಟುಕೊಟ್ಟ! ಮೇಲಿನವರ ಮುಖ ಕೆಂಪಾಯಿತು. ಸದಸ್ಯರು ಮಾತ್ರ ಪೆನ್ನು ತೆಗೆದು ಬರೆದುಕೊಂಡರು.

ಆ ರಾತ್ರಿಯೇ ನನಗೆ ಆಯೋಗಕ್ಕೆ ಹೋಗಬೇಕು ಅನ್ನಿಸಿದ್ದು. ಮುಂದಿನ ವರ್ಷ ಒಂದು ಆಯೋಗದಲ್ಲಿ ಡೆಪ್ಯುಟೇಷನ್ ಮೇಲೆ ಟ್ಯಾರಿಫ್ ವಿಭಾಗಕ್ಕೆ ಜನ ಕರೆದರು. ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಕೇಳಿದ್ದು ಒಂದೇ ಪ್ರಶ್ನೆ ಅಂದುಕೊಳ್ಳಿ, ಉಳಿದದ್ದು ಅದರ ಬಾಲ. "ನೀವು 220 ಕೆವಿ ಸ್ಟೇಷನ್ ಕಟ್ಟಿದ್ದೀರಲ್ಲ, ಅದರ ಖರ್ಚು ಗ್ರಾಹಕನ ಬಿಲ್‌ಗೆ ಯಾವ ದಾರಿಯಲ್ಲಿ ಬರುತ್ತದೆ?" ನಾನು ಟ್ರಾನ್ಸ್‌ಫಾರ್ಮರ್ ಎಷ್ಟು ಎಂವಿಎ, ಬ್ರೇಕರ್ ಯಾವ ಮೇಕ್ ಅಂತ ಹೇಳಬಲ್ಲವನಾಗಿದ್ದೆ. ಅವರಿಗೆ ಬೇಕಿದ್ದದ್ದು ಸಾಲ ಮತ್ತು ಈಕ್ವಿಟಿಯ 70:30, ಸವಕಳಿ, ಬಡ್ಡಿ, ಈಕ್ವಿಟಿಯ ಮೇಲಿನ ಆದಾಯ, ನಿರ್ವಹಣೆ ಖರ್ಚು, ಕೆಲಸ ತಡವಾದರೆ ಹೆಚ್ಚಾದ ಬಡ್ಡಿ ಯಾರ ತಲೆಗೆ. ನನ್ನ ಸ್ಟೇಷನ್ ತಡವಾಗಿತ್ತು ಕೂಡ. ಅದನ್ನೇ ಕೇಳಿದರು. ಮಳೆ ಜಾಸ್ತಿ ಆಯಿತು ಸಾರ್ ಅಂದೆ. ಯಾರೂ ನಗಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಈಗ ನಿಮ್ಮ ಪ್ರಶ್ನೆ. ಅಧ್ಯಕ್ಷರ ಕುರ್ಚಿಗೆ ಜಾಸ್ತಿ ಬರುವುದು ಐಎಎಸ್‌ನವರೇ, ಸುಳ್ಳು ಹೇಳಲ್ಲ. ನಮ್ಮಲ್ಲಿ ಎಂ.ಆರ್. ಶ್ರೀನಿವಾಸಮೂರ್ತಿ, ಶಂಭುದಯಾಳ್ ಮೀನಾ, ಪಿ. ರವಿಕುಮಾರ್, ಎಲ್ಲ ಅದೇ ಸೇವೆಯವರು, ರವಿಕುಮಾರ್ ಅಂತೂ ಮುಖ್ಯ ಕಾರ್ಯದರ್ಶಿಯಾಗಿದ್ದವರು. ದೆಹಲಿಯಲ್ಲಿ ಕೇಂದ್ರ ಆಯೋಗದ ಮೊದಲ ಅಧ್ಯಕ್ಷ ಎಸ್.ಎಲ್. ರಾವ್ ಅರ್ಥಶಾಸ್ತ್ರದವರು, ಆಮೇಲೆ ಬಂದ ಎ.ಕೆ. ಬಸು, ಪಿ.ಕೆ. ಪುಜಾರಿ ಇಬ್ಬರೂ ಮೊದಲು ಇಂಧನ ಕಾರ್ಯದರ್ಶಿಗಳು. ಕಾನೂನು ಹೀಗೆ ಹೇಳುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 84ನೇ ಕಲಮು ಎಂಜಿನಿಯರಿಂಗ್, ಹಣಕಾಸು, ವಾಣಿಜ್ಯ, ಅರ್ಥಶಾಸ್ತ್ರ, ಕಾನೂನು, ಮ್ಯಾನೇಜ್‌ಮೆಂಟ್ ಇವುಗಳಲ್ಲಿ ತಿಳಿವಳಿಕೆ ತೋರಿಸಿದವರು ಅನ್ನುತ್ತದೆ, ಅಷ್ಟೇ. ಆದರೆ ಲೆಕ್ಕ ಹಾಕಿ: ಅವಧಿ 5 ವರ್ಷ, 65 ಆದ ಮೇಲೆ ಕೂರುವ ಹಾಗಿಲ್ಲ, ಅಧಿಕಾರಿ ನಿವೃತ್ತಿ ಆಗುವುದು 60ಕ್ಕೆ. ಅಳತೆ ತೆಗೆದು ಹೊಲಿಸಿದ ಹಾಗಿದೆ, ಅಲ್ವಾ? ಹೆಸರು ಆರಿಸುವ ಸಮಿತಿಯಲ್ಲಿ ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ಜೊತೆ ರಾಜ್ಯದ ಮುಖ್ಯ ಕಾರ್ಯದರ್ಶಿಯೂ ಇರುತ್ತಾರೆ. ಅವರಿಗೆ ಯಾರ ಪರಿಚಯ ಜಾಸ್ತಿ ಇರುತ್ತದೆ ಅಂತ ನಾನು ಹೇಳಬೇಕಾ.

ಆದರೂ 60ಕ್ಕೆ ಸಿಗಬಹುದಾದ ಕುರ್ಚಿಗೆ 27ರಲ್ಲಿ ಐಎಎಸ್ ಓದುವುದು ಬೀಡಾ ತಿನ್ನಲಿಕ್ಕೆ ಅಂತ ಮದುವೆ ಮಾಡಿಕೊಂಡ ಹಾಗೆ. ಐಎಎಸ್ ಬೇಕಿದ್ದರೆ ಐಎಎಸ್‌ಗಾಗಿ ಓದಿ. ಎಂಬಿಎ ಬಗ್ಗೆ ನನಗೆ ಅಭಿಪ್ರಾಯವೇ ಇಲ್ಲ, ಆ ಸರ್ಟಿಫಿಕೇಟ್ ನೋಡಿ ಯಾರೂ ದರ ನಿಗದಿ ಮಾಡಿಸುವುದಿಲ್ಲ. ಸಂಜೆ ಕಾಲೇಜಿನ ಎಲ್‌ಎಲ್‌ಬಿ ಮಾಡಿದರೆ ಕಾನೂನಿನ ಸೀಟು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಆಯೋಗದಲ್ಲಿ ಒಬ್ಬರಾದರೂ ಕಾನೂನಿನವರು ಇರಬೇಕು ಅಂದದ್ದು ನಿಜ, ಆದರೆ ಅವರು ಕೇಳಿದ್ದು ನ್ಯಾಯಾಧೀಶರಾಗಿದ್ದವರನ್ನು ಇಲ್ಲ ನ್ಯಾಯಾಧೀಶರಾಗುವ ಅರ್ಹತೆಯಿರುವ ವಕೀಲರನ್ನು.

ನಾನಾದರೆ ಕುರ್ಚಿಯನ್ನೇ ಮರೆಯಿರಿ ಅನ್ನುತ್ತೇನೆ. ಆದೇಶದ ಕೆಳಗೆ ಸಹಿ ಹಾಕುವವರು ಮೂವರು, ಅದರೊಳಗಿನ ಕೋಷ್ಟಕ ಕಟ್ಟುವವರು ಕೆಳಗಿನ ಸಿಬ್ಬಂದಿ. ನಿಮ್ಮ ಎಸ್ಕಾಂನಲ್ಲೇ ನಿಯಂತ್ರಣ ವ್ಯವಹಾರಗಳ ವಿಭಾಗ ಇದೆ, ಅಲ್ಲಿಗೆ ಹೋಗಲು ಯಾರೂ ಜಗಳ ಆಡುವುದಿಲ್ಲ, ಕೇಳಿದರೆ ನಾಳೆಯೇ ಹಾಕುತ್ತಾರೆ. ಕೇಳಿ. ಅದಕ್ಕೂ ಮೊದಲು ನಿಮ್ಮ ಕಂಪನಿಯ ಕಳೆದ ದರ ಆದೇಶವನ್ನು ಕೂತು ಓದಿ, ನೂರಾರು ಪುಟ ಇರುತ್ತದೆ, ಮೊದಲ ಸಲ ತಲೆ ಬುಡ ತಿಳಿಯಲ್ಲ, ನಿಮ್ಮದೇ ಸಬ್‌ಡಿವಿಜನ್‌ನ ನಷ್ಟದ ಅಂಕಿ ಹಿಡಿದುಕೊಂಡು ಹಿಂದಕ್ಕೆ ನಡೆದುಕೊಂಡು ಹೋಗಿ, ಆಗ ದಾರಿ ಸಿಗುತ್ತದೆ. ಫೀಲ್ಡ್ ಬಿಡಬೇಕಾ ಅಂತ ಹೆದರಬೇಡಿ. ನಾಲ್ಕು ವರ್ಷ ಕಂಬ ಹತ್ತಿಸಿದ ನಿಮಗೆ ಆ ಅಂಕಿ ಸುಳ್ಳು ಎಲ್ಲಿ ಹೇಳುತ್ತಿದೆ ಅಂತ ಮೂಗಿಗೇ ಬಡಿಯುತ್ತದೆ, ಬರೀ ಎಕ್ಸೆಲ್ ನೋಡಿದವರಿಗೆ ಅದು ಬಡಿಯುವುದಿಲ್ಲ.

ನಾನು 2022ರಲ್ಲಿ ನಿವೃತ್ತನಾದೆ. ಈಗ ಗ್ರಾಹಕನಾಗಿ ವಿಚಾರಣೆಗಳಿಗೆ ಹೋಗುತ್ತೇನೆ. ಮೊದಲ ಸಲ ನಾಲ್ಕು ಪುಟದ ಆಕ್ಷೇಪಣೆ ಬರೆದು, ಅಫಿಡವಿಟ್ ಮಾಡಿಸಿ, ಸಾಲಿನಲ್ಲಿ ನಿಂತು ಕೊಟ್ಟೆ. ಆ ಹುಡುಗ ಈಗ ಹುಡುಗನಲ್ಲ, ಕನ್ನಡಕ ಬಂದಿದೆ, ಆಯೋಗದವರ ಮೇಜಿನಲ್ಲಿ ಕೂತಿದ್ದ. ಎದ್ದು ನಿಂತು ನಮಸ್ಕಾರ ಮಾಡಿದ. ಕಾಗದ ತಿರುವಿ ನೋಡಿ ಮೆಲ್ಲಗೆ ಹೇಳಿದ, "ಸಾರ್, ಪುಟದ ನಂಬರ್ ಹಾಕಿಲ್ಲ."

ಅವನದೇ ಪೆನ್ನು ಇಸಿದುಕೊಂಡು ಹಾಕಿದೆ.