ಹಾಲಿನ ಲೆಕ್ಕದಲ್ಲಿ ಬರೆದಿಟ್ಟ ಸಿಟ್ಟು

ಶಾಲಿನಿ ಅಂತ ಕರೆಯೋಣ. ವಯಸ್ಸು 36. ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಸಹಕಾರ ಸಂಘದಲ್ಲಿ ಗುಮಾಸ್ತೆ. ಮನೆಯಲ್ಲಿ ಗಂಡ, ಅತ್ತೆ, ಇಬ್ಬರು ಮಕ್ಕಳು. (ಹೆಸರು, ಊರು, ಕೆಲಸ ಮೂರನ್ನೂ ಬದಲಿಸಿದ್ದೇನೆ, ಬರೆಯಲು ಅವರು ಒಪ್ಪಿದ್ದಾರೆ.) ಸಲಹೆ ಕೇಳಲು ಮೊದಲ ದಿನ ನನ್ನ ಬಳಿ ಬಂದವರು ಕೂರುವುದಕ್ಕೂ ಮೊದಲೇ ಬಟ್ಟೆಯ ಚೀಲವೊಂದನ್ನು ನನ್ನ ಮೇಜಿನ ಮೇಲೆ ಬರಿದು ಮಾಡಿದರು. ಅಶೋಕಾರಿಷ್ಟದ ಎರಡು ಬಾಟಲಿ, ಶತಾವರಿ ಪುಡಿ, ಹೋಮಿಯೋಪಥಿಯ ಗುಳಿಗೆಗಳ ಮೂರು ಡಬ್ಬಿ, ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್, ಬಿ6 ವಿಟಮಿನ್ ಮಾತ್ರೆ, ಕೊನೆಗೆ ವಾಟ್ಸಾಪ್‌ನಲ್ಲಿ ಯಾರಿಂದಲೋ ತರಿಸಿದ, ಲೇಬಲ್ಲೇ ಇಲ್ಲದ 'ಹಾರ್ಮೋನ್ ಬ್ಯಾಲೆನ್ಸ್' ಪುಡಿ.

"ಎಲ್ಲಾ ತಗೊಳ್ತಿದೀನಿ ಮೇಡಂ. ಯಾವುದು ನಾಟ್ತಿದೆ, ಯಾವುದು ಇಲ್ಲ, ಒಂದೂ ಗೊತ್ತಾಗ್ತಿಲ್ಲ."

ಮುಟ್ಟಿಗೆ ಒಂದು ವಾರ ಮುಂಚೆ ಶುರು. ಎದೆ ಭಾರ, ಹೊಟ್ಟೆ ಉಬ್ಬರ, ನಿದ್ದೆ ಇಲ್ಲ. ಅದನ್ನೆಲ್ಲ ಹೇಗೋ ತಡೆದುಕೊಳ್ಳುತ್ತಿದ್ದರು. ತಡೆಯಲಾಗದ್ದು ಸಿಟ್ಟು. ಹಿಂದಿನ ತಿಂಗಳು ಮಗಳ ಜಾಮಿಟ್ರಿ ಬಾಕ್ಸ್ ಕಿಟಕಿಯಾಚೆ ಎಸೆದಿದ್ದರು. ಮುಟ್ಟಾದ ಎರಡನೇ ದಿನಕ್ಕೆ ಎಲ್ಲ ತಿಳಿಯಾಗಿ, ಅಂಗಳದಲ್ಲಿ ಬಗ್ಗಿ ಕೈವಾರ ಹುಡುಕುತ್ತ ಅತ್ತಿದ್ದರು. ಸಂತಾನಹರಣ ಶಸ್ತ್ರಚಿಕಿತ್ಸೆ ಆದಮೇಲೇ ಹೀಗಾಯಿತು ಎಂಬುದು ಅವರ ಗಟ್ಟಿ ನಂಬಿಕೆ. ಗಂಡನ ಪ್ರಕಾರ ಇದು 'ಉಷ್ಣ'.

ಆ ಶಸ್ತ್ರಚಿಕಿತ್ಸೆಯಲ್ಲಿ ನಾಳವನ್ನು ಮಾತ್ರ ಮುಚ್ಚುತ್ತಾರೆ, ಅಂಡಾಶಯ ತನ್ನ ಕೆಲಸ ಮಾಡುತ್ತಲೇ ಇರುತ್ತದೆ ಎಂದು ವಿವರಿಸಿದೆ. ಆಗ ಅವರು ಪರ್ಸಿನಿಂದ ಹಾರ್ಮೋನ್ ಪರೀಕ್ಷೆಯ ವರದಿ ತೆಗೆದರು. ಸಾಕಷ್ಟು ದುಡ್ಡು ಸುರಿದು ಮಾಡಿಸಿದ್ದು. ಎಲ್ಲವೂ ನಾರ್ಮಲ್. "ನಾರ್ಮಲ್ ಇದ್ರೆ ಇದು ನನ್ನ ಸ್ವಭಾವಾನೇ ಅಂತಾಯ್ತಲ್ಲ?" ಎಂದರು. ನಾನು ಅಲ್ಲೇ ತಡೆದೆ. ಮುಟ್ಟಿನ ಮುಂಚಿನ ತೊಂದರೆ ಇರುವ ಬಹುಪಾಲು ಹೆಂಗಸರಲ್ಲಿ ಹಾರ್ಮೋನ್ ಮಟ್ಟ ಎಲ್ಲರಂತೆಯೇ ಇರುತ್ತದೆ. ವ್ಯತ್ಯಾಸವಿರುವುದು ಆ ಏರಿಳಿತಕ್ಕೆ ಮಿದುಳು ಸ್ಪಂದಿಸುವ ರೀತಿಯಲ್ಲಿ. 1998ರಲ್ಲಿ ಅಮೆರಿಕದ ಸಂಶೋಧಕರು ಔಷಧಿಯಿಂದ ಅಂಡಾಶಯದ ಹಾರ್ಮೋನನ್ನು ತಡೆದು, ಆಮೇಲೆ ಅದೇ ಹಾರ್ಮೋನನ್ನು ಹೊರಗಿನಿಂದ ಕೊಟ್ಟು ನೋಡಿದರು. ಮೊದಲೇ ಈ ತೊಂದರೆ ಇದ್ದವರಿಗೆ ಲಕ್ಷಣಗಳು ಮರುಕಳಿಸಿದವು. ಇಲ್ಲದವರಿಗೆ ಅಷ್ಟೇ ಹಾರ್ಮೋನ್ ಕೊಟ್ಟರೂ ಏನೂ ಆಗಲಿಲ್ಲ. ಇದನ್ನು ಕೇಳಿ ಶಾಲಿನಿ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಲೇಬಲ್ಲಿಲ್ಲದ ಪುಡಿಯನ್ನು ತಾವೇ ಪಕ್ಕಕ್ಕೆ ಸರಿಸಿದರು: "ಹಾಗಾದ್ರೆ ಇದು ಏನನ್ನ ಬ್ಯಾಲೆನ್ಸ್ ಮಾಡುತ್ತೆ?"

ಅದೊಂದನ್ನು ಅಂದೇ ನಿಲ್ಲಿಸಲು ಹೇಳಿದೆ. ಒಳಗೆ ಏನಿದೆಯೆಂದು ಬರೆಯದ ಪುಡಿಯಲ್ಲಿ ಸೀಸ, ಪಾದರಸ ಇರಬಹುದು, ಸ್ಟೀರಾಯ್ಡ್ ಕೂಡ ಇರಬಹುದು. ಮಿಕ್ಕ ವಿಷಯದಲ್ಲಿ ನಾನು ಆತುರಪಡಲಿಲ್ಲ. ನಾನು ವೈದ್ಯೆಯಲ್ಲ, ಅಲ್ಲದೆ ಬೇರು-ಕಷಾಯ ಕಂಡರೆ ಮೂಗು ಮುರಿಯುವ ಜಾಯಮಾನವೂ ನನ್ನದಲ್ಲ. ಶತಾವರಿಗೆ ನಮ್ಮಲ್ಲಿ 'ಹಲವು ಮಕ್ಕಳ ತಾಯಿ ಬೇರು' ಎನ್ನುತ್ತಾರೆ. ಅದನ್ನು ನನ್ನಜ್ಜಿಯೂ ಹಾಲಿನಲ್ಲಿ ಕುದಿಸುತ್ತಿದ್ದಳು. ಆದರೆ ಅಶೋಕಾರಿಷ್ಟ ಹುದುಗಿಸಿ ಮಾಡುವ ಔಷಧಿ. ಬಾಟಲಿಯ ಮೇಲೇ ಶೇಕಡಾ 5ರಿಂದ 10ರಷ್ಟು ಆಲ್ಕೋಹಾಲ್ ಎಂದು ಬರೆದಿರುತ್ತದೆ. ಅದನ್ನು ಮುಖ್ಯವಾಗಿ ಕೊಡುವುದು ಹೆಚ್ಚು ರಕ್ತಸ್ರಾವಕ್ಕೆ. ಸಿಟ್ಟು ಬಂದಾಗಲೆಲ್ಲ ಮುಚ್ಚಳಗಟ್ಟಲೆ ಕುಡಿಯುವುದಕ್ಕಲ್ಲ. ಬಾಟಲಿ ಹಿಡಿದುಕೊಂಡು, ಅದನ್ನು ಕೊಟ್ಟ ವೈದ್ಯರ ಬಳಿಗೇ ಹೋಗಿ ಪ್ರಮಾಣ ಕೇಳಿ ಎಂದೆ.

ಆ ದಿನ ನಾನು ಕೊಟ್ಟ ಮುಖ್ಯ ಸಲಹೆ ಒಂದೇ: ಎರಡು ಮುಟ್ಟಿನ ಚಕ್ರ ಪೂರ್ತಿ ಪ್ರತಿದಿನ ಬರೆಯುವುದು. ಸಿಟ್ಟು, ಅಳು, ನಿದ್ದೆ, ಮೈನೋವು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ನೆನಪಿನಿಂದ ಹೇಳಿದ್ದನ್ನು ನಂಬಿ ಈ ತೊಂದರೆಗೆ ಹೆಸರಿಡುವಂತಿಲ್ಲ, ಏಕೆಂದರೆ ಕೆಟ್ಟ ದಿನಗಳು ನೆನಪಿನಲ್ಲಿ ಒಟ್ಟಿಗೆ ಅಂಟಿಕೊಳ್ಳುತ್ತವೆ.

"ಡೈರಿ ಬರೆದ್ರೆ ಅತ್ತೆ ಓದ್ತಾರೆ," ಎಂದರು. ಆಮೇಲೆ ಅವರೇ ದಾರಿ ಕಂಡುಕೊಂಡರು. ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ದಿನಾ ಹಾಲಿನ ಲೆಕ್ಕ ಬರೆಯುವವರು ಅವರೇ. ಅದರ ಪಕ್ಕದಲ್ಲಿ ಸಿಟ್ಟನ್ನೂ ಲೀಟರಿನಲ್ಲೇ ಬರೆದರಾಯಿತು: ಅರ್ಧ, ಒಂದು, ಒಂದೂವರೆ. ಮಿಕ್ಕ ಅಂಕಗಳು ಮೊಬೈಲಿನಲ್ಲಿ.

ಒಂದು ಪ್ರಶ್ನೆಯನ್ನು ಮಾತ್ರ ನಾನು ಮುಂದಕ್ಕೆ ಹಾಕಲಿಲ್ಲ. ಆ ದಿನಗಳಲ್ಲಿ ಬದುಕೇ ಬೇಡ ಅನ್ನಿಸಿದ್ದಿದೆಯಾ ಎಂದು ನೇರವಾಗಿ ಕೇಳಿದೆ. "ನಾನಿಲ್ದಿದ್ರೆ ಇವರೆಲ್ಲ ಆರಾಮಾಗಿರ್ತಾರೆ ಅಂತ ಎರಡು ಸಲ ಅನ್ನಿಸಿದೆ" ಎಂದರು. ಯೋಜನೆ, ಪ್ರಯತ್ನ ಇರಲಿಲ್ಲ. ಆದರೂ ಇದನ್ನು ಕಷಾಯದ ಲೆಕ್ಕಕ್ಕೆ ಬಿಡಲು ಬರುವುದಿಲ್ಲ. ಮುಟ್ಟಿನ ಮುಂಚಿನ ತೊಂದರೆಗೆ ಇನ್ನೂ ತೀವ್ರವಾದ ರೂಪವೊಂದಿದೆ, ಪಿಎಂಡಿಡಿ (ಪ್ರೀಮೆನ್‌ಸ್ಟ್ರುವಲ್ ಡಿಸ್ಫೋರಿಕ್ ಡಿಸಾರ್ಡರ್). 2013ರಿಂದ ಅದು ಮನೋವೈದ್ಯರ ಡಿಎಸ್‌ಎಂ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿದೆ. ಮನೋವೈದ್ಯರ ಭೇಟಿಗೆ ಚೀಟಿ ಬರೆದುಕೊಟ್ಟೆ. ಯೋಚನೆ ಮರಳಿದರೆ ಅಂದೇ ನಾದಿನಿಗೆ ಫೋನ್, ಅವರು ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಇಷ್ಟನ್ನು ಅವರ ಕೈಯಿಂದಲೇ ಬರೆಸಿದೆ. ಜೊತೆಗೆ ಸ್ತ್ರೀರೋಗ ತಜ್ಞರನ್ನು ಕಂಡು ರಕ್ತಹೀನತೆ, ಥೈರಾಯ್ಡ್ ಪರೀಕ್ಷಿಸಿಕೊಳ್ಳಲೂ ಹೇಳಿದೆ.

ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.8. ಹೆಂಗಸರಿಗೆ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ತಿಂಗಳಿಡೀ ಇದ್ದ ಸುಸ್ತಿಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ದಿನಕ್ಕೆ 200 ಮಿ.ಗ್ರಾಂ ಬಿ6 ನುಂಗುತ್ತಿದ್ದುದನ್ನು ಆ ವೈದ್ಯೆಯೇ ನಿಲ್ಲಿಸಿದರು. ಅಷ್ಟು ಪ್ರಮಾಣ ಬಹುಕಾಲ ಹೋದರೆ ಕೈಕಾಲಿನ ನರಕ್ಕೆ ಪೆಟ್ಟು. ಮನೋವೈದ್ಯರು ಖಿನ್ನತೆಗೆ ಕೊಡುವ ಒಂದು ಗುಂಪಿನ ಮಾತ್ರೆಯ ಬಗ್ಗೆ ಹೇಳಿದರು. ಈ ತೊಂದರೆಗೆ ಅದು ಬೇಗ ಹಿಡಿಯುತ್ತದೆ, ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ ಮಾತ್ರ ತೆಗೆದುಕೊಂಡರೂ ನಡೆಯುತ್ತದೆ. ಶಾಲಿನಿ ಎರಡು ತಿಂಗಳು ಸಮಯ ಕೇಳಿದರು. ಫೋನಿನ ಕರಾರು ಮುರಿಯುವುದಿಲ್ಲವೆಂಬ ಷರತ್ತಿನ ಮೇಲೆ ಮನೋವೈದ್ಯರೂ ಒಪ್ಪಿದರು.

ಎರಡನೇ ತಿಂಗಳ ನಡುವೆ ಕ್ಯಾಲೆಂಡರ್ ಸಿಕ್ಕಿಬಿತ್ತು. "ಒಂದೂವರೆ ಲೀಟರ್ ಹಾಲು ಯಾರಿಗೆ ಹಾಕಿಸ್ಕೊಂಡೆ ಮಾರಾಯ್ತಿ?" ಎಂದು ಅತ್ತೆ ಕೇಳಿದರು. ಶಾಲಿನಿ ನಿಜ ಹೇಳಿಬಿಟ್ಟರು. ಅತ್ತೆ ಕ್ಯಾಲೆಂಡರಿನತ್ತ ನೋಡಿ ಅಂದದ್ದಿಷ್ಟು: "ನಮ್ಮನ್ನ ಮುಟ್ಟಾದ ಮೇಲೆ ಮೂರು ದಿನ ಹೊರಗೆ ಕೂರಿಸ್ತಿದ್ರು. ಕೂರಿಸೋದಾದ್ರೆ ಅದಕ್ಕಿಂತ ಮುಂಚಿನ ನಾಲ್ಕು ದಿನ ಕೂರಿಸ್ಬೇಕಿತ್ತು." ನನ್ನ ಇಷ್ಟು ವರ್ಷದ ಕೆಲಸದಲ್ಲಿ ಈ ವಿಷಯದ ಬಗ್ಗೆ ಇಷ್ಟು ಚೊಕ್ಕ ಮಾತು ನಾನು ಕೇಳಿಲ್ಲ.

ಎರಡು ತಿಂಗಳ ಲೆಕ್ಕ ಹರಡಿಕೊಂಡು ಕೂತೆವು. ಮುಟ್ಟಿಗೆ ಐದಾರು ದಿನ ಮುಂಚೆ ಅಂಕಗಳು ಏರಿ, ಆದಮೇಲೆ ಸರಕ್ಕನೆ ಇಳಿದಿದ್ದವು; ಅನುಮಾನಕ್ಕೆ ಜಾಗವಿರಲಿಲ್ಲ. ಆದರೆ ಒಂದೊಂದು ಲೀಟರಿನ ಮೂರು ದಿನ ಬೇರೆ ಕಡೆ ಬಿದ್ದಿದ್ದವು. ಮೂರೂ ಸಂಘದ ತಿಂಗಳ ಕೊನೆಯ ಲೆಕ್ಕ ಮುಗಿಸಿ ಏಳೂವರೆಗೆ ಮನೆಗೆ ಬಂದ ದಿನಗಳು. ಅದಕ್ಕೆ ಯಾವ ಬೇರೂ ಬೇಕಿರಲಿಲ್ಲ. ಆ ಸಂಜೆಗಳ ಅಡುಗೆ ಗಂಡನ ಪಾಲಿಗೆ ಬಂತು.

ಮೂರನೇ ತಿಂಗಳಿಂದ ಒಂದು ಬಾರಿಗೆ ಒಂದೇ ಬದಲಾವಣೆ ಎಂದು ನಿಯಮ ಹಾಕಿಕೊಂಡೆವು. ಮೊದಲು ಕ್ಯಾಲ್ಸಿಯಂ. ಏಕೆಂದರೆ ಔಷಧಿಯಲ್ಲದ ಉಪಾಯಗಳಲ್ಲಿ ಇದರ ಪರೀಕ್ಷೆ ದೊಡ್ಡದು: 1998ರಲ್ಲಿ ಅಮೆರಿಕದಲ್ಲಿ 466 ಹೆಂಗಸರ ಮೇಲೆ ನಡೆದದ್ದು. ದಿನಕ್ಕೆ 1200 ಮಿ.ಗ್ರಾಂ ತೆಗೆದುಕೊಂಡವರಲ್ಲಿ ಮೂರನೇ ತಿಂಗಳಿಗೆ ಲಕ್ಷಣಗಳು ಶೇ. 48ರಷ್ಟು ಇಳಿದವು. ಏನೂ ಇಲ್ಲದ ತೋರಿಕೆಯ ಮಾತ್ರೆ ನುಂಗಿದವರಲ್ಲೂ ಶೇ. 30ರಷ್ಟು ಇಳಿದವು! ಈ ಎರಡನೇ ಸಂಖ್ಯೆಯನ್ನು ಶಾಲಿನಿಗೆ ಎರಡು ಸಲ ಹೇಳಿದೆ. ಒಂದು ತಿಂಗಳು ಹಗುರವೆನಿಸಿದರೆ ಕೊನೆಗೆ ತಂದ ಬಾಟಲಿಗೆ ಕೀರ್ತಿ ಹೋಗುವುದು ಹೀಗೆಯೇ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ. ಅಂಬಲಿ, ಮಜ್ಜಿಗೆಯಿಂದ ಆದಷ್ಟು, ಉಳಿದದ್ದು ವೈದ್ಯೆ ಬರೆದ ಮಾತ್ರೆಯಿಂದ. ಕಬ್ಬಿಣದ ಮಾತ್ರೆ ಬೆಳಿಗ್ಗೆ, ಕ್ಯಾಲ್ಸಿಯಂ ರಾತ್ರಿ ಊಟದ ಜೊತೆ. ಎರಡೂ ಒಟ್ಟಿಗೆ ಹೋದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಪ್ರಿಮ್‌ರೋಸ್ ಎಣ್ಣೆ ಖಾಲಿಯಾದ ಮೇಲೆ ಮತ್ತೆ ತರಿಸಲಿಲ್ಲ; ಸಕ್ಕರೆ ಮಾತ್ರೆಗಿಂತ ಅದು ಮೇಲೆಂದು ತೋರಿಸುವ ಗಟ್ಟಿ ಪುರಾವೆ ಇಲ್ಲ. ನಡುವೆ 'ಚೇಸ್ಟ್‌ಬೆರಿ' ಎಂಬ ಕ್ಯಾಪ್ಸೂಲಿನ ಜಾಹೀರಾತು ತೋರಿಸಿ, "ಇದು ನಮ್ಮ ಲಕ್ಕಿ ಗಿಡವೇ ಅಂತೆ, ಬೇಲಿಯಲ್ಲೇ ಇದೆ, ಕಷಾಯ ಮಾಡ್ಲಾ?" ಎಂದು ಕೇಳಿದರು. ಎರಡೂ ಒಂದೇ ಕುಲದವು, ಆದರೆ ಬೇರೆ ಬೇರೆ ಗಿಡ. 2001ರಲ್ಲಿ ಜರ್ಮನಿಯಲ್ಲಿ 170 ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ ಗುಣ ತೋರಿಸಿದ್ದು ಮೆಡಿಟರೇನಿಯನ್ ಕಡೆಯ ಗಿಡದ ಹಣ್ಣಿನ ಸಾರ. ಬೇಲಿಯ ಲಕ್ಕಿ ಸೊಪ್ಪು ಸೊಂಟನೋವಿಗೆ ಸ್ನಾನದ ನೀರಿಗೆ ಹಾಕಲು ಚೆನ್ನ, ಕುಡಿಯುವುದು ಬೇಡ ಎಂದೆ. ಹೋಮಿಯೋಪಥಿ ಬಿಡಿಸಲು ನಾನು ಹೋಗಲಿಲ್ಲ. ಗುಳಿಗೆಯ ಮೇಲೆ ನನಗೆ ನಂಬಿಕೆಯಿಲ್ಲ. ಆದರೆ ಆ ಡಾಕ್ಟರು ಮುಕ್ಕಾಲು ಗಂಟೆ ಕೂರಿಸಿಕೊಂಡು ಕೇಳುತ್ತಾರಂತೆ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಜಗಳಕ್ಕೆ ಕೊಟ್ಟ ಸಲಹೆ ಬೇರೆ. ಆ ವಾರ ಸಿಟ್ಟಿನಲ್ಲಿ ಹೇಳಬೇಕೆನಿಸಿದ್ದನ್ನು ಚೀಟಿಯಲ್ಲಿ ಬರೆದು ಸಾಸಿವೆ ಡಬ್ಬಿಯ ಕೆಳಗಿಡುವುದು, ಮುಟ್ಟಾದ ಐದನೇ ದಿನ ತೆಗೆದು ಓದುವುದು. ಆಗಲೂ ನಿಜವೆನಿಸಿದರೆ ಮಾತಾಡುವುದು. ಮೊದಲ ತಿಂಗಳ ಆರು ಚೀಟಿಯಲ್ಲಿ ನಾಲ್ಕು ನಿಜವಾಗಿಯೇ ಉಳಿದವು. ಒಂದರಲ್ಲಿ, ತನ್ನ ಸಂಬಳದ ಪಾಸ್‌ಬುಕ್ ಗಂಡನ ಬೀರುವಿನಲ್ಲಿ ಯಾಕಿದೆ ಎಂದಿತ್ತು. ಗಂಡನನ್ನೂ ಒಮ್ಮೆ ಕರೆಸಿ ಒಂದೇ ಒಂದು ಮಾತು ಬಿಡಲು ಕೇಳಿಕೊಂಡೆ: ಜಗಳದ ನಡುವೆ "ಡೇಟ್ ಹತ್ರ ಬಂತಾ?" ಎನ್ನುವುದು. ಅವರು ನಕ್ಕರು, ಆಮೇಲೆ ತಲೆಯಾಡಿಸಿದರು. ಪಾಸ್‌ಬುಕ್ ಈಗ ಶಾಲಿನಿಯ ಬ್ಯಾಗಿನಲ್ಲಿದೆ.

ಐದನೇ ತಿಂಗಳಿಗೆ ಹಿಮೋಗ್ಲೋಬಿನ್ 11.4. ಒಂದೂವರೆ ಲೀಟರಿನ ದಿನಗಳು ಐದರಿಂದ ಎರಡಕ್ಕೆ ಇಳಿದಿವೆ. ಆ ಎರಡು ದಿನ ಮಾತ್ರ ಮೊದಲಿನಷ್ಟೇ ಕಷ್ಟ. ಬೇಡವೆನ್ನಿಸುವ ಯೋಚನೆ ಒಮ್ಮೆ ಮರಳಿತ್ತು. ಕರಾರಿನಂತೆ ನಾದಿನಿಗೆ ಫೋನ್ ಮಾಡಿದ್ದರು. ಆಮೇಲೆ ಮನೋವೈದ್ಯರ ಮಾತ್ರೆ ಶುರುಮಾಡಲು ತಾವೇ ಒಪ್ಪಿದ್ದಾರೆ.

ಇಷ್ಟು ತಿಂಗಳೂ ಅವರು ನನ್ನ ಬಳಿ ಬಂದದ್ದು ಮುಟ್ಟಾಗಿ ವಾರ ಕಳೆದ ಮೇಲೆ, ತಲೆ ಬಾಚಿ, ಹೂ ಮುಡಿದು, ನಗುತ್ತ. ಮುಂದಿನ ಭೇಟಿಗೆ ಕ್ಯಾಲೆಂಡರ್ ನೋಡಿ ಮುಟ್ಟಿನ ಚಕ್ರದ 25ನೇ ದಿನ ಆರಿಸಿಕೊಂಡರು. "ಅವತ್ತಿನ ನನ್ನನ್ನೂ ನೀವು ಒಂದ್ಸಲ ನೋಡ್ಬೇಕಲ್ಲ ಮೇಡಂ," ಎಂದರು.